ನೇಗಿಲು ಹಿಡಿದ ಕ್ವೇಕರ್ ಹುಡುಗಿ: ಆಲಿಸ್ ಪಾಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕ ಕಥೆಯಲ್ಲಿ ಆಲಿಸ್ ಪಾಲ್ ಹೆಸರು ಬಂದ ಕೂಡಲೇ ಒಂದಷ್ಟು ಪ್ರಶ್ನೆಗಳು ಸಾಲುಗಟ್ಟುತ್ತವೆ. ಕೆಲವು ಧರ್ಮದ ಬಗ್ಗೆ, ಕೆಲವು ಸೆರೆಮನೆಯ ಬಗ್ಗೆ, ಒಂದಂತೂ ತಪ್ಪದೇ ಮದುವೆಯ ಬಗ್ಗೆ. ಗೊತ್ತಿರುವಷ್ಟನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಕ್ವೇಕರ್ ಎಂದರೆ ಓಟ್ಸ್ ಡಬ್ಬಿಯ ಮೇಲೆ ಟೋಪಿ ಹಾಕಿಕೊಂಡು ನಗುತ್ತಾನಲ್ಲ, ಅವನೇ?

ಉಡುಪು ಮಾತ್ರ ಅವರದು. ಆ ಕಂಪನಿಗೂ ಕ್ವೇಕರ್ ಪಂಥಕ್ಕೂ ಸಂಬಂಧವಿಲ್ಲ. ಪ್ರಾಮಾಣಿಕರೆಂದು ಹೆಸರಾದವರ ಹೆಸರಿಟ್ಟರೆ ಸರಕು ಖರ್ಚಾಗುತ್ತದೆ ಎಂಬ ಲೆಕ್ಕಾಚಾರ ಅದು.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬಾತನ ಸುತ್ತ ಸೇರಿದ ಜನ ತಮ್ಮನ್ನು 'ಮಿತ್ರರು' ಎಂದು ಕರೆದುಕೊಂಡರು. 'ಕ್ವೇಕರ್', ಅಂದರೆ ನಡುಗುವವರು ಎಂಬುದು ಬೇರೆಯವರು ಇಟ್ಟ ಅಡ್ಡಹೆಸರು. ಬೈಗುಳವನ್ನೇ ಅವರು ಹೆಸರಾಗಿ ಒಪ್ಪಿಕೊಂಡರು. ಪ್ರತಿ ಮನುಷ್ಯನೊಳಗೂ ದೇವರ ಬೆಳಕಿದೆ, ಅದನ್ನು ಕಾಣಲು ಮಧ್ಯೆ ಪುರೋಹಿತ ಬೇಡ ಎಂಬುದು ಅವರ ನಂಬಿಕೆಯ ತಿರುಳು. ಹಳೆಯ ಕ್ರಮದ ಪ್ರಾರ್ಥನಾ ಸಭೆಯಲ್ಲಿ ಹಾಡಿಲ್ಲ, ಪ್ರವಚನವಿಲ್ಲ, ಪೂಜೆಯಿಲ್ಲ. ಎಲ್ಲರೂ ಸುಮ್ಮನೆ ಕುಳಿತಿರುತ್ತಾರೆ. ಒಳಗಿನಿಂದ ಪ್ರೇರಣೆ ಬಂದವರು ಎದ್ದು ನಾಲ್ಕು ಮಾತಾಡಿ ಮತ್ತೆ ಕೂರುತ್ತಾರೆ. ಎದ್ದವರು ಹೆಂಗಸಾದರೂ ಸರಿ. ಹೆಣ್ಣು ಧರ್ಮಸಭೆಯಲ್ಲಿ ಮಾತಾಡಬಹುದು ಎಂದು ಮಾರ್ಗರೆಟ್ ಫೆಲ್ ಎಂಬಾಕೆ 1666ರಲ್ಲೇ ಸೆರೆಮನೆಯಲ್ಲಿದ್ದುಕೊಂಡು ವಾದ ಮಂಡಿಸಿದ್ದಳು. ಯುದ್ಧ ಬೇಡ, ಆಣೆ ಪ್ರಮಾಣ ಬೇಡ, ಆಡಂಬರ ಬೇಡ ಎಂಬುವು ಉಳಿದ ಕಟ್ಟುಗಳು.

ಇಷ್ಟು ದೊಡ್ಡ ವ್ಯಕ್ತಿಯನ್ನು 'ಅವಳು' ಎಂದು ಏಕವಚನದಲ್ಲಿ ಬರೆಯುವುದು ಸರಿಯೇ?

ಈ ಪ್ರಶ್ನೆ ಕನ್ನಡದವರಿಗೆ ಮಾತ್ರ ಹೊಳೆಯುವಂಥದ್ದು. ಹೊಳೆದದ್ದು ಒಳ್ಳೆಯದೇ, ಏಕೆಂದರೆ ಉತ್ತರ ಕ್ವೇಕರರ ಮನೆಯೊಳಗೇ ಇದೆ. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ನಮ್ಮ 'ನೀನು', 'ನೀವು' ಇದ್ದ ಹಾಗೆ ಎರಡು ಸಂಬೋಧನೆಗಳಿದ್ದವು. ದೊಡ್ಡವರಿಗೆ ಬಹುವಚನ, ಆಳುಕಾಳುಗಳಿಗೆ ಏಕವಚನ. ಕ್ವೇಕರರು ನ್ಯಾಯಾಧೀಶನಿಗೂ ಜಮೀನ್ದಾರನಿಗೂ 'ನೀನು' ಎಂದೇ ಹೇಳಿದರು, ಯಾರ ಮುಂದೆಯೂ ಟೋಪಿ ತೆಗೆಯಲಿಲ್ಲ, ಅದಕ್ಕಾಗಿ ಏಟು ತಿಂದರು, ಜೈಲಿಗೂ ಹೋದರು. ಮುಂದೆ ಇಂಗ್ಲಿಷ್ ಜನ ಆ ಏಕವಚನವನ್ನೇ ಮರೆತರೂ ಕ್ವೇಕರರ ಮನೆಮಾತಿನಲ್ಲಿ ಅದು ಉಳಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಆಲಿಸ್ ಮತ್ತು ಅವಳ ತಾಯಿ ಪತ್ರ ಬರೆದುಕೊಳ್ಳುತ್ತಿದ್ದದ್ದು ಆ ಹಳೆಯ 'ನೀನು' ಬಳಸಿಯೇ. ಆದ್ದರಿಂದ ಇಲ್ಲಿ ಏಕವಚನ ಅಗೌರವವಲ್ಲ.

ಅವಳ ಹುಟ್ಟೂರು, ಮನೆತನ?

1885ರ ಜನವರಿ 11ರಂದು ನ್ಯೂಜೆರ್ಸಿಯ ಮೌಂಟ್ ಲಾರೆಲ್‌ನಲ್ಲಿ, 'ಪಾಲ್ಸ್‌ಡೇಲ್' ಎಂಬ ತೋಟದ ಮನೆಯಲ್ಲಿ ಹುಟ್ಟಿದಳು. ನಾಲ್ವರು ಮಕ್ಕಳಲ್ಲಿ ಮೊದಲನೆಯವಳು. ತಂದೆ ವಿಲಿಯಂ ಬ್ಯಾಂಕಿನ ಅಧ್ಯಕ್ಷ, ಜೊತೆಗೆ ಬೇಸಾಯ. ತಾಯಿ ಟೇಸಿ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಓದುತ್ತಿದ್ದವಳು, ಪದವಿಗೆ ಒಂದು ವರ್ಷ ಇರುವಾಗ ಮದುವೆಯಾಗಿ ಓದು ಬಿಟ್ಟಳು. ಆ ಕಾಲೇಜನ್ನು ಕಟ್ಟಿದವರಲ್ಲಿ ಟೇಸಿಯ ತಂದೆಯೂ ಒಬ್ಬ ಎಂಬುದು ಈ ಕಥೆಯ ಚುಚ್ಚುವ ವಿವರ.

ಮನೆಯವರು ಹಿಕ್ಸೈಟ್ ಶಾಖೆಗೆ ಸೇರಿದವರು. 1827ರಲ್ಲಿ ಕ್ವೇಕರರು ಒಡೆದಾಗ ಎಲಿಯಾಸ್ ಹಿಕ್ಸ್‌ನ ಹಿಂದೆ ಹೋದವರ ಬಳಗ ಅದು. ಗುಲಾಮಗಿರಿಯ ವಿರುದ್ಧ, ಹೆಣ್ಣಿನ ಹಕ್ಕಿನ ಪರ ದನಿಯೆತ್ತಿದ ಲುಕ್ರೀಷಿಯಾ ಮಾಟ್ ಇದೇ ಶಾಖೆಯವಳು. 1848ರಲ್ಲಿ ಹೆಣ್ಣಿನ ಹಕ್ಕುಗಳಿಗಾಗಿ ನಡೆದ ಸೆನೆಕಾ ಫಾಲ್ಸ್ ಸಮಾವೇಶವನ್ನು ಚಹಾ ಮೇಜಿನ ಸುತ್ತ ಕುಳಿತು ಯೋಜಿಸಿದ ಐವರು ಹೆಂಗಸರಲ್ಲಿ ನಾಲ್ವರು ಕ್ವೇಕರ್ ಹಿನ್ನೆಲೆಯವರು. ಹೀಗಾಗಿ ಗಂಡು ಹೆಣ್ಣು ಸಮಾನರು ಎಂಬುದನ್ನು ಆಲಿಸ್ ಯಾವ ಪುಸ್ತಕದಿಂದಲೂ ಕಲಿಯಬೇಕಾಗಲಿಲ್ಲ. ತಾಯಿ ಮತಾಧಿಕಾರದ ಸಭೆಗಳಿಗೆ ಹೋಗುವಾಗ ಮಗಳ ಕೈ ಹಿಡಿದುಕೊಂಡೇ ಹೋಗುತ್ತಿದ್ದಳು. ಮನೆಯಲ್ಲಿ ಸಂಗೀತವಿರಲಿಲ್ಲ. ಕೆಲಸಕ್ಕಿದ್ದ ಐರಿಷ್ ಹೆಣ್ಣುಮಕ್ಕಳು ಕ್ಯಾಥೊಲಿಕರು, ಅವರನ್ನು ಬಿಟ್ಟರೆ ಕ್ವೇಕರರಲ್ಲದವರ ಒಡನಾಟವೇ ಬಾಲ್ಯದಲ್ಲಿ ಇರಲಿಲ್ಲವೆಂದು ಮುಪ್ಪಿನಲ್ಲಿ ನೆನೆಸಿಕೊಂಡಿದ್ದಾಳೆ.

ಒಮ್ಮೆ ನೇಗಿಲಿಗೆ ಕೈ ಹಚ್ಚಿದ ಮೇಲೆ ಸಾಲಿನ ಕೊನೆ ಮುಟ್ಟುವವರೆಗೆ ಬಿಡಬಾರದು ಎಂದು ಅಮ್ಮ ಹೇಳುತ್ತಿದ್ದಳಂತೆ. ಇದನ್ನೂ ಅವಳೇ ಹೇಳಿದ್ದು. ಮುಂದಿನ ಉತ್ತರಗಳನ್ನು ಓದುವಾಗ ಈ ಮಾತು ನೆನಪಿರಲಿ.

ಅವಳು ಓದಿದ್ದು ರಾಜಕೀಯಶಾಸ್ತ್ರವೇ?

ಅಲ್ಲ, ಜೀವಶಾಸ್ತ್ರ. ಕಾರಣ ಕೇಳಿದರೆ ನಗು ಬರುತ್ತದೆ: ಆ ವಿಷಯದ ಬಗ್ಗೆ ತನಗೆ ಏನೂ ಗೊತ್ತಿರಲಿಲ್ಲ, ಅದಕ್ಕೇ ಆರಿಸಿಕೊಂಡೆ ಎಂದಳು. 1902ರಲ್ಲಿ, ಅವಳು ಸ್ವಾರ್ತ್‌ಮೋರ್‌ನಲ್ಲಿ ಓದುತ್ತಿದ್ದಾಗ ತಂದೆ ನ್ಯುಮೋನಿಯಾದಿಂದ ತೀರಿಕೊಂಡ. 1905ರಲ್ಲಿ ಪದವಿ ಮುಗಿಸಿ ನ್ಯೂಯಾರ್ಕಿನ ವಲಸಿಗರ ಬಡಾವಣೆಯಲ್ಲಿ ಸಮಾಜಸೇವೆಗೆ ಹೋದಳು. ಒಂದು ವರ್ಷದಲ್ಲೇ ಮನಸ್ಸು ಮುರಿಯಿತು. ಒಳ್ಳೆಯ ಮನಸ್ಸಿನವರೆಲ್ಲ ಎಷ್ಟು ದುಡಿದರೂ ಪರಿಸ್ಥಿತಿ ಇದ್ದ ಹಾಗೇ ಇರುತ್ತದೆ, ಬದಲಾಗಬೇಕಾದದ್ದು ಕಾನೂನು ಎಂಬ ತೀರ್ಮಾನಕ್ಕೆ ಬಂದಳು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ 1907ರಲ್ಲಿ ಸ್ನಾತಕೋತ್ತರ ಪದವಿ, 1912ರಲ್ಲಿ ಡಾಕ್ಟರೇಟ್. ಮಹಾಪ್ರಬಂಧದ ವಿಷಯ ಪೆನ್ಸಿಲ್ವೇನಿಯಾದಲ್ಲಿ ಮಹಿಳೆಯರ ಕಾನೂನಾತ್ಮಕ ಸ್ಥಾನಮಾನ. ಈ ಎರಡು ಪದವಿಗಳ ನಡುವೆ ಇಂಗ್ಲೆಂಡ್ ಇದೆ.

ಇಂಗ್ಲೆಂಡಿನಲ್ಲಿ ನಡೆದದ್ದೇನು?

1907ರಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರದ ವುಡ್‌ಬ್ರೂಕ್ ಎಂಬ ಕ್ವೇಕರ್ ಅಧ್ಯಯನ ಕೇಂದ್ರಕ್ಕೆ ಓದಲು ಹೋದಳು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಬ್ರಿಟನ್ನಿನ ಮಹಿಳಾ ಮತಾಧಿಕಾರದ ಹೋರಾಟಗಾರ್ತಿ ಕ್ರಿಸ್ಟಬೆಲ್ ಪ್ಯಾಂಕ್‌ಹರ್ಸ್ಟ್ ಭಾಷಣಕ್ಕೆ ನಿಂತಳು. ಹುಡುಗರು ಕೂಗಾಡಿ ಒಂದು ಮಾತೂ ಕೇಳಿಸದಂತೆ ಮಾಡಿದರು. ಯಾರು ಎದ್ದರೂ ಕಿವಿಗೊಡುವ ಸಭೆಗಳಲ್ಲಿ ಬೆಳೆದ ಹುಡುಗಿಗೆ ಅದೊಂದು ಆಘಾತ. (ಅವಳ ಹೆಸರೂ ನಮ್ಮ ಕಿವಿಗೆ 'ಆಲಿಸು' ಎಂದೇ ಕೇಳುತ್ತದೆ. ಕಾಕತಾಳೀಯ, ಆದರೂ ಬಿಡಲು ಮನಸ್ಸಾಗಲಿಲ್ಲ.)

ಮುಂದೆ ಲಂಡನ್ನಿನಲ್ಲಿ ಪ್ಯಾಂಕ್‌ಹರ್ಸ್ಟ್ ತಾಯಿ ಮಕ್ಕಳ ಸಂಘಟನೆ ಸೇರಿದಳು. ಬೀದಿಯಲ್ಲಿ ನಿಂತು ಪತ್ರಿಕೆ ಮಾರಿದಳು, ಮೂಲೆಮೂಲೆಯಲ್ಲಿ ಭಾಷಣ ಮಾಡಿದಳು. 1909ರಲ್ಲಿ ಸಂಸತ್ತಿನ ಮುಂದೆ ಪ್ರತಿಭಟಿಸಿ ಪೊಲೀಸ್ ಠಾಣೆಯಲ್ಲಿ ಕುಳಿತಿದ್ದಾಗ ಕೆಂಪು ಕೂದಲಿನ ಹುಡುಗಿಯೊಬ್ಬಳ ಕೋಟಿನ ಮೇಲೆ ಅಮೆರಿಕದ ಪುಟ್ಟ ಬಾವುಟ ಕಂಡಿತು. ಹೋಗಿ ಮಾತಾಡಿಸಿದಳು. ಅವಳೇ ಲೂಸಿ ಬರ್ನ್ಸ್, ಐರಿಷ್ ಕ್ಯಾಥೊಲಿಕ್ ಮನೆಯ ಹುಡುಗಿ. ಮುಂದಿನ ಹನ್ನೊಂದು ವರ್ಷ ಇಬ್ಬರೂ ಒಂದೇ ನೊಗಕ್ಕೆ ಹೆಗಲು ಕೊಟ್ಟರು.

ಅದೇ ವರ್ಷ ಆಗಸ್ಟಿನಲ್ಲಿ ಗ್ಲಾಸ್ಗೋದ ಸಭಾಂಗಣವೊಂದರ ಚಾವಣಿಯ ಮೇಲೆ ಮಳೆಯಲ್ಲಿ ನೆನೆಯುತ್ತ ಅಡಗಿದ್ದಳು. ನವೆಂಬರಿನಲ್ಲಿ ಕಸ ಗುಡಿಸುವ ಹೆಂಗಸಿನ ವೇಷದಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಹೊಕ್ಕಳು. ಮೇಯರನ ಔತಣದಲ್ಲಿ ಮಂತ್ರಿಗಳು ಕುಳಿತಿದ್ದಾಗ ಜೊತೆಯಲ್ಲಿದ್ದ ಅಮೇಲಿಯಾ ಬ್ರೌನ್ ಬೂಟು ಬೀಸಿ ಬಣ್ಣದ ಗಾಜು ಒಡೆದಳು, ಮಹಿಳೆಯರಿಗೆ ಮತ ಕೊಡಿ ಎಂದು ಇಬ್ಬರೂ ಕೂಗಿದರು. ಹಾಲೋವೇ ಜೈಲಿನಲ್ಲಿ ಒಂದು ತಿಂಗಳ ಕಠಿಣ ಶಿಕ್ಷೆಯಾಯಿತು. ಉಪವಾಸ ಹೂಡಿದ್ದಕ್ಕೆ ಮೂಗಿನ ಮೂಲಕ ಕೊಳವೆ ತೂರಿಸಿ ಬಲವಂತವಾಗಿ ಆಹಾರ ಇಳಿಸಿದರು. 1910ರ ಜನವರಿಯಲ್ಲಿ ಊರಿಗೆ ಮರಳುವ ಹೊತ್ತಿಗೆ ಅವಳ ಆರೋಗ್ಯ ಜರ್ಜರಿತವಾಗಿತ್ತು.

ತಾಯಿ ಏನೆಂದಳು?

ಪತ್ರಿಕೆಯವರು ಮನೆ ಬಾಗಿಲಿಗೆ ಬಂದಾಗ, ಇದೆಲ್ಲ ಹೇಗಾಯಿತೋ ತಿಳಿಯದು, ನಮ್ಮ ಆಲಿಸ್ ತುಂಬ ಸಾಧು ಹುಡುಗಿ ಎಂಬರ್ಥದ ಮಾತು ಹೇಳಿದಳು. ಸುಳ್ಳು ಹೇಳಲಿಲ್ಲ. ಆಲಿಸ್ ಸಣ್ಣ ದೇಹದ, ಮೆಲುದನಿಯ, ಸಂಕೋಚದ ಹೆಣ್ಣು. ಕೋಪದಿಂದ ಕೂಗುವವಳಲ್ಲ. ಆದರೆ ಒಂದು ಸಂಗತಿ ಸರಿ ಎಂದು ಕಂಡ ಮೇಲೆ ಅವಳನ್ನು ಅಲ್ಲಾಡಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಸಾಧುತನವೂ ಹಟವೂ ಅವಳಲ್ಲಿ ಬೇರೆಬೇರೆ ಗುಣಗಳಾಗಿದ್ದವು ಎಂದು ನನಗನ್ನಿಸುವುದಿಲ್ಲ. ಒಂದು ಗಂಟೆ ಅಲುಗದೆ ಮೌನವಾಗಿ ಕೂರುವುದನ್ನು ಎಳವೆಯಲ್ಲೇ ಕಲಿತ ಮಗುವಿಗೆ ಎರಡೂ ಒಟ್ಟಿಗೇ ಬರುತ್ತವೆ.

ಶಾಂತಿಯ ಪಂಥದವಳು ಗಾಜು ಒಡೆಯುವವರ ಜೊತೆ ಹೇಗೆ ಸೇರಿದಳು?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಬ್ರಿಟಿಷ್ ಚಳವಳಿಯಲ್ಲಿ ಕಲ್ಲು ತೂರಾಟವಿತ್ತು, ಮುಂದಿನ ವರ್ಷಗಳಲ್ಲಿ ಬೆಂಕಿ ಹಚ್ಚುವುದೂ ಬಂತು. ಆಲಿಸ್ ಬೆಂಕಿಯ ದಿನಗಳಿಗೆ ಮೊದಲೇ ಅಲ್ಲಿಂದ ಹೊರಟಿದ್ದಳು, ಗಾಜಿನ ದಿನಗಳಿಗೆ ಮೊದಲಲ್ಲ. ಪ್ಯಾಂಕ್‌ಹರ್ಸ್ಟ್ ಬಳಗವನ್ನು ಅವಳು ಎಂದೂ ಹಳಿಯಲಿಲ್ಲ. ಆದರೆ ಅಮೆರಿಕಕ್ಕೆ ಬಂದ ಮೇಲೆ ಅಲ್ಲಿಂದ ಅವಳು ಏನನ್ನು ತಂದಳು, ಏನನ್ನು ಬಿಟ್ಟಳು ಎಂಬುದನ್ನು ಗಮನಿಸಬೇಕು. ಮೆರವಣಿಗೆ, ಬಾವುಟ, ಜೈಲು, ಉಪವಾಸ, ಅಧಿಕಾರದಲ್ಲಿರುವ ಪಕ್ಷವನ್ನೇ ಹೊಣೆ ಮಾಡುವ ತಂತ್ರ ಬಂದವು. ಆಸ್ತಿಪಾಸ್ತಿ ಹಾಳುಮಾಡುವುದು ಬರಲಿಲ್ಲ. ಏಟು ತಿನ್ನುವ ದೇಹಗಳೆಲ್ಲ ಪ್ರತಿಭಟನೆಗೆ ನಿಂತವರದೇ ಆಗಿದ್ದವು.

1909ರ ಜುಲೈಯಿಂದ ನವೆಂಬರಿನವರೆಗೆ ಗಾಂಧಿಯೂ ಲಂಡನ್ನಿನಲ್ಲಿದ್ದರು. ಈ ಹೆಂಗಸರ ಧೈರ್ಯವನ್ನು ಮೆಚ್ಚಿ ತಮ್ಮ ಪತ್ರಿಕೆಯಲ್ಲಿ ಬರೆದರು, ಹಿಂಸೆಯ ದಾರಿಯನ್ನು ಟೀಕಿಸಿದರು. ಇಬ್ಬರೂ ಒಂದೇ ಊರಿನಲ್ಲಿದ್ದು, ಒಂದೇ ಪಾಠದಿಂದ ಹೆಚ್ಚುಕಡಿಮೆ ಒಂದೇ ಭಾಗವನ್ನು ಆಯ್ದುಕೊಂಡರು.

1913ರ ಮೆರವಣಿಗೆಯ ವಿಶೇಷವೇನು?

1912ರ ಕೊನೆಗೆ ಅಮೆರಿಕದ ದೊಡ್ಡ ಮತಾಧಿಕಾರ ಸಂಘ ಅವಳನ್ನು ವಾಷಿಂಗ್ಟನ್ನಿನ ಸಮಿತಿಗೆ ಮುಖ್ಯಸ್ಥೆಯಾಗಿ ಮಾಡಿತು. ಆ ಸಮಿತಿಯ ವಾರ್ಷಿಕ ಖರ್ಚಿಗೆ ಹಿಂದೆ ಸಿಗುತ್ತಿದ್ದದ್ದು ಹತ್ತು ಡಾಲರ್. ಹಿಂದಿನ ಅಧ್ಯಕ್ಷೆ ಅದರಲ್ಲೂ ಚಿಲ್ಲರೆ ಉಳಿಸಿ ವಾಪಸು ಕೊಟ್ಟಿದ್ದಳು! ರಾಜ್ಯ ರಾಜ್ಯಗಳಲ್ಲಿ ಮತ ಗಳಿಸುವುದೇ ಆಗ ಸಂಘದ ದಾರಿ, ಸಂವಿಧಾನ ತಿದ್ದುಪಡಿಯಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ.

ಇಪ್ಪತ್ತೆಂಟರ ಹುಡುಗಿ 1913ರ ಜನವರಿಯಲ್ಲಿ ಒಂದು ನೆಲಮಾಳಿಗೆ ಬಾಡಿಗೆಗೆ ಹಿಡಿದಳು. ಎರಡೇ ತಿಂಗಳಲ್ಲಿ, ಮಾರ್ಚ್ 3ರಂದು, ಅಂದರೆ ವುಡ್ರೋ ವಿಲ್ಸನ್ ಅಧ್ಯಕ್ಷನಾಗಿ ಪ್ರಮಾಣವಚನ ಸ್ವೀಕರಿಸುವ ಹಿಂದಿನ ದಿನ, ಐದು ಸಾವಿರಕ್ಕೂ ಹೆಚ್ಚು ಹೆಂಗಸರು ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ ನಡೆದರು. ಮುಂದೆ ಬಿಳಿ ಕುದುರೆಯ ಮೇಲೆ ವಕೀಲೆ ಇನೆಜ್ ಮಿಲ್‌ಹಾಲೆಂಡ್. ಪ್ರಮಾಣವಚನಕ್ಕೆ ಬಂದಿದ್ದ ಗಂಡಸರ ಗುಂಪು ರಸ್ತೆಗಿಳಿದು ಹೆಂಗಸರನ್ನು ತಳ್ಳಿತು, ಎಳೆದಾಡಿತು. ಪೊಲೀಸರು ಕೈಕಟ್ಟಿ ನಿಂತರು. ಸುಮಾರು ನೂರು ಜನ ಆಸ್ಪತ್ರೆ ಸೇರಿದರು, ಕೊನೆಗೆ ಅಶ್ವದಳವನ್ನು ಕರೆಸಬೇಕಾಯಿತು. ರೈಲು ಇಳಿದ ವಿಲ್ಸನ್‌ಗೆ ಸ್ವಾಗತಿಸಲು ಜನವೇ ಇರಲಿಲ್ಲವಂತೆ. ಎಲ್ಲರೂ ಎಲ್ಲಿ ಎಂದು ಕೇಳಿದರೆ, ಹೆಂಗಸರ ಮೆರವಣಿಗೆ ನೋಡಲು ಹೋಗಿದ್ದಾರೆ ಎಂಬ ಉತ್ತರ ಬಂದ ಕಥೆ ಪ್ರಸಿದ್ಧವಾಗಿದೆ. ಸೆನೆಟ್ ವಿಚಾರಣೆ ನಡೆಯಿತು, ಪತ್ರಿಕೆಗಳು ವಾರಗಟ್ಟಲೆ ಬರೆದವು.

ಕಪ್ಪು ಮಹಿಳೆಯರನ್ನು ಹಿಂದೆ ನಡೆಯಲು ಹೇಳಿದ್ದು ನಿಜವೇ?

ನಿಜ. ದಕ್ಷಿಣದ ಬಿಳಿಯರು ಮುನಿಸಿಕೊಳ್ಳುತ್ತಾರೆಂಬ ಅಂಜಿಕೆಯಿಂದ ಸಂಘಟಕರು ಕಪ್ಪು ಮಹಿಳೆಯರನ್ನು ದೂರ ಇಡಲು ನೋಡಿದರು. ಗುಂಪು ಹತ್ಯೆಗಳ ವಿರುದ್ಧ ಬರೆದು ಹೆಸರಾಗಿದ್ದ ಐಡಾ ಬಿ. ವೆಲ್ಸ್‌ಗೆ ಇಲಿನಾಯ್ ತಂಡ ಬಿಟ್ಟು ಹಿಂದೆ ಹೋಗಲು ಹೇಳಿದರು. ಅವಳು ಜನರ ನಡುವೆ ಕಾದು ನಿಂತು, ತನ್ನ ರಾಜ್ಯದ ತಂಡ ಬಂದಾಗ ಸಾಲಿನೊಳಗೆ ಹೊಕ್ಕು ನಡೆದಳು. ಹೋವರ್ಡ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿನಿಯರೂ ನಡೆದರು.

ಆಲಿಸಳನ್ನು ಮೆಚ್ಚುವವರು ಇದನ್ನು 'ಕಾಲದ ಒತ್ತಡ' ಎಂದು ಸಾರಿಸಿಬಿಡುತ್ತಾರೆ. ಆ ಕಾಲದಲ್ಲೇ ಇದು ತಪ್ಪೆಂದು ಕಂಡವರಿದ್ದರು. ಅವಳ ಪಂಥದ ಹಿಂದಿನ ತಲೆಮಾರಿನಲ್ಲೇ ಇದ್ದರು. ಎಲ್ಲರೊಳಗೂ ಒಂದೇ ಬೆಳಕು ಎಂದು ಕಲಿತವಳು ಒಂದು ಸಾಲನ್ನು ನೇರವಾಗಿ ಉಳುವ ಆತುರದಲ್ಲಿ ಪಕ್ಕದ ಹೊಲದ ಕಡೆ ತಿರುಗಿ ನೋಡಲಿಲ್ಲ. 1920ರ ನಂತರವೂ, ದಕ್ಷಿಣದ ಕಪ್ಪು ಮಹಿಳೆಯರನ್ನು ಮತಗಟ್ಟೆಯಲ್ಲಿ ತಡೆಯುತ್ತಿದ್ದಾಗ, ಅದು ಜನಾಂಗದ ಪ್ರಶ್ನೆ, ಲಿಂಗದ್ದಲ್ಲ ಎಂದು ಪಕ್ಕಕ್ಕಿಟ್ಟಳು. ಅವರಿಗೆ ಆ ಹಕ್ಕು ಕೈಗೆ ಸಿಕ್ಕಿದ್ದು 1965ರ ಮತದಾನ ಹಕ್ಕು ಕಾಯ್ದೆಯ ನಂತರ.

'ಮೌನ ಕಾವಲುಗಾರ್ತಿಯರು' ಯಾರು?

ತಿದ್ದುಪಡಿಯ ಹಟ ಹಿಡಿದ ಆಲಿಸ್ ದೊಡ್ಡ ಸಂಘದಿಂದ ಹೊರಬಿದ್ದು 1916ರಲ್ಲಿ ರಾಷ್ಟ್ರೀಯ ಮಹಿಳಾ ಪಕ್ಷ ಕಟ್ಟಿದಳು. 1917ರ ಜನವರಿ 10ರಂದು ಈ ಪಕ್ಷದ ಹೆಂಗಸರು ಶ್ವೇತಭವನದ ಗೇಟಿನ ಎರಡೂ ಬದಿ ಫಲಕ ಹಿಡಿದು ನಿಂತರು. ಅಧ್ಯಕ್ಷರೇ, ಸ್ವಾತಂತ್ರ್ಯಕ್ಕಾಗಿ ಹೆಂಗಸರು ಇನ್ನೆಷ್ಟು ಕಾಲ ಕಾಯಬೇಕು ಎಂದು ಬಟ್ಟೆಯ ಮೇಲೆ ಬರೆದಿತ್ತು. ಬಾಯಿಂದ ಒಂದು ಮಾತೂ ಇಲ್ಲ. ಶ್ವೇತಭವನದ ಮುಂದೆ ಹೀಗೆ ನಿಂತವರಲ್ಲಿ ಇವರೇ ಮೊದಲಿಗರು. ಭಾನುವಾರ ಬಿಟ್ಟು ಪ್ರತಿದಿನ, ಮಳೆಯಲ್ಲಿ, ಹಿಮದಲ್ಲಿ ನಿಂತರು. ಕಾಲು ಮರಗಟ್ಟದಿರಲೆಂದು ಕಾಯಿಸಿದ ಇಟ್ಟಿಗೆಗಳನ್ನು ತಂದು ಕೊಡುತ್ತಿದ್ದರು.

ಸಭಾಮಂದಿರದ ಮೌನವನ್ನು ಎತ್ತಿ ತಂದು ಅಧ್ಯಕ್ಷನ ಬಾಗಿಲಲ್ಲಿಟ್ಟ ಹಾಗೆ ನನಗೆ ಕಾಣುತ್ತದೆ. ನಿಂತವರೆಲ್ಲ ಕ್ವೇಕರರೇನಲ್ಲ. ಆದರೆ ಬೈದವರಿಗೆ ತಿರುಗಿ ಬೈಯಬಹುದು, ಸುಮ್ಮನಿರುವವರನ್ನು ಏನು ಮಾಡುವುದೆಂದು ಯಾವ ಪೊಲೀಸನಿಗೂ ಯಾರೂ ಕಲಿಸಿರಲಿಲ್ಲ.

ಏಪ್ರಿಲಿನಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ದೊಡ್ಡ ಸಂಘ ಸರ್ಕಾರದ ಬೆನ್ನಿಗೆ ನಿಂತಿತು. ಆಲಿಸ್ ಕಾವಲು ಹಿಂತೆಗೆಯಲಿಲ್ಲ. ಪರದೇಶದಲ್ಲಿ ಪ್ರಜಾಪ್ರಭುತ್ವಕ್ಕಾಗಿ ಕಾದಾಡುವವರು ಮನೆಯ ಹೆಂಗಸರಿಗೆ ಮತ ಕೊಡಿ ಎಂಬುದು ಅವಳ ವಾದ. ಆಗಸ್ಟಿನಲ್ಲಿ ವಿಲ್ಸನ್ನನನ್ನು ಶತ್ರು ಜರ್ಮನಿಯ ಚಕ್ರವರ್ತಿಯ ಬಿರುದಿನಿಂದ 'ಕೈಸರ್' ಎಂದು ಕರೆದ ಫಲಕ ಕಂಡು ಗುಂಪು ಮೇಲೆ ಬಿತ್ತು, ಫಲಕಗಳನ್ನು ಹರಿದು ಹಾಕಿತು. ಬಂಧಿಸಿದ್ದು ಮಾತ್ರ ಹೆಂಗಸರನ್ನು. ಅಪರಾಧ: ಸಂಚಾರಕ್ಕೆ ಅಡ್ಡಿ.

ಜೈಲಿನಲ್ಲಿ ಏನಾಯಿತು?

ಅಕ್ಟೋಬರ್ 20ರಂದು ಬಂಧಿಸಿ ಏಳು ತಿಂಗಳ ಶಿಕ್ಷೆ ಕೊಟ್ಟರು. ತಮ್ಮನ್ನು ರಾಜಕೀಯ ಕೈದಿಗಳೆಂದು ಒಪ್ಪಿಕೊಳ್ಳಿ ಎಂದು ಅವಳು ಉಪವಾಸ ಹೂಡಿದಳು. ಮತ್ತೆ ಕೊಳವೆ. ಹುಚ್ಚಿ ಎಂದು ಬರೆಸಿಕೊಂಡರೆ ತಲೆನೋವು ತಪ್ಪುತ್ತದೆಂದು ಮನೋರೋಗಿಗಳ ವಿಭಾಗಕ್ಕೆ ಹಾಕಿದರು. ರಾತ್ರಿಯೆಲ್ಲ ಗಂಟೆಗೊಮ್ಮೆ ಮುಖಕ್ಕೆ ಬೆಳಕು ಬಿಟ್ಟು ನಿದ್ದೆ ಕೆಡಿಸಿದರು. ಪರೀಕ್ಷಿಸಲು ಬಂದ ವೈದ್ಯನಿಗೆ ಅವಳು ಶಾಂತವಾಗಿ ಮತಾಧಿಕಾರದ ಇತಿಹಾಸವನ್ನು ವಿವರಿಸಿದಳು. ಅವಳಲ್ಲಿ ಹುಚ್ಚಿನ ಲಕ್ಷಣವೇನೂ ಕಾಣಲಿಲ್ಲ.

ನವೆಂಬರ್ 14ರ ರಾತ್ರಿ ವರ್ಜೀನಿಯಾದ ಆಕ್ವಕ್ವಾನ್ ಬಂದೀಖಾನೆಯಲ್ಲಿ ಉಳಿದ ಹೆಂಗಸರನ್ನು ಕಾವಲುಗಾರರು ಎಳೆದಾಡಿ ಹೊಡೆದರು. ಲೂಸಿ ಬರ್ನ್ಸ್‌ಳ ಕೈಗಳನ್ನು ತಲೆಯ ಮೇಲೆತ್ತಿ ಸರಳಿಗೆ ಬೇಡಿ ಹಾಕಿದರು. ಸುದ್ದಿ ಹೊರಬಿದ್ದ ಮೇಲೆ ತಿಂಗಳ ಕೊನೆಗೆ ಎಲ್ಲರನ್ನೂ ಬಿಡಬೇಕಾಯಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಆ ಬಂಧನಗಳನ್ನೇ ಅಸಿಂಧುಗೊಳಿಸಿತು. ಇಡೀ ಹೋರಾಟದಲ್ಲಿ ಬಂಧನಕ್ಕೊಳಗಾದವರು ಸುಮಾರು 500 ಜನ, ಜೈಲುವಾಸ ಅನುಭವಿಸಿದವರು 168.

ಮತದ ಹಕ್ಕು ಬಂದದ್ದು ಅವಳೊಬ್ಬಳಿಂದಲೇ?

ಅಲ್ಲ. ಕ್ಯಾರಿ ಚ್ಯಾಪ್‌ಮನ್ ಕ್ಯಾಟ್ ನಡೆಸಿದ ದೊಡ್ಡ ಸಂಘ ರಾಜ್ಯಗಳಲ್ಲಿ ತಾಳ್ಮೆಯಿಂದ ಮತ ಗಳಿಸಿತು. ಈ ಕಡೆಯವರು ಅಧ್ಯಕ್ಷನಿಗೆ ನಿದ್ದೆ ಬಿಡಲಿಲ್ಲ. ಇಬ್ಬರಿಗೂ ಒಬ್ಬರ ಮುಖ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ, ಆದರೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಒದಗಿತು. 1918ರ ಜನವರಿಯಲ್ಲಿ ವಿಲ್ಸನ್ ತಿದ್ದುಪಡಿಗೆ ಬೆಂಬಲ ಘೋಷಿಸಿದ. ಮರುದಿನ ಪ್ರತಿನಿಧಿ ಸಭೆಯಲ್ಲಿ 274ಕ್ಕೆ 136: ಮೂರನೇ ಎರಡರಷ್ಟು ಬಹುಮತಕ್ಕೆ ಬೇಕಾದದ್ದು ಅಷ್ಟೇ, ಒಂದು ಮತ ಕಡಿಮೆಯಾಗಿದ್ದರೂ ಬಿದ್ದುಹೋಗುತ್ತಿತ್ತು. ಸೆನೆಟ್ ಎರಡು ಬಾರಿ ತಳ್ಳಿಹಾಕಿ, 1919ರ ಜೂನ್ 4ರಂದು ಒಪ್ಪಿತು.

ಮುಂದೆ 36 ರಾಜ್ಯಗಳ ಅನುಮೋದನೆ ಬೇಕಿತ್ತು. ಒಂದೊಂದು ರಾಜ್ಯ ಒಪ್ಪಿದಾಗಲೂ ನೇರಳೆ, ಬಿಳಿ, ಬಂಗಾರ ಬಣ್ಣದ ಬಾವುಟದ ಮೇಲೆ ಆಲಿಸ್ ಒಂದು ನಕ್ಷತ್ರ ಹೊಲಿಯುತ್ತಿದ್ದಳು. ಕೊನೆಯದು ಟೆನೆಸಿ. ಅಲ್ಲಿ ಹ್ಯಾರಿ ಬರ್ನ್ ಎಂಬ 24 ವರ್ಷದ ಶಾಸಕ, ವಿರೋಧಿಗಳ ಕೆಂಪು ಗುಲಾಬಿ ಸಿಕ್ಕಿಸಿಕೊಂಡಿದ್ದವನು, ಪರವಾಗಿ ಮತ ಹಾಕಿದ. ಪರವಾಗಿ ಮತ ಹಾಕು ಎಂದು ತಾಯಿ ಬರೆದ ಪತ್ರ ಅವನ ಜೇಬಿನಲ್ಲಿತ್ತು. 1920ರ ಆಗಸ್ಟ್ 18ರಂದು ಮೂವತ್ತಾರನೆಯ ನಕ್ಷತ್ರ ಸೇರಿತು.

ಮದುವೆ?

ಆಗಲಿಲ್ಲ. ಲೂಸಿ ಬರ್ನ್ಸ್ 1920ರಲ್ಲಿ, ಇನ್ನು ಸಾಕು ಎಂದು ಹೋರಾಟ ಬಿಟ್ಟಳು, ಮುಂದೆ ತೀರಿಹೋದ ತಂಗಿಯ ಮಗುವನ್ನು ಸಾಕಿದಳು. ಆಲಿಸ್ ಪಕ್ಷದ ಕಚೇರಿಯನ್ನೇ ಮನೆ ಮಾಡಿಕೊಂಡಳು. ಮುಪ್ಪಿನಲ್ಲಿ ಕೆಲ ವರ್ಷ ತಂಗಿ ಹೆಲೆನ್ ಜೊತೆಗಿದ್ದಳು. ಇದನ್ನು ತ್ಯಾಗ ಎನ್ನಬೇಕೋ ಆಯ್ಕೆ ಎನ್ನಬೇಕೋ ಎಂದು ಜನ ಕೇಳುತ್ತಾರೆ. ಗಂಡಸು ಹೋರಾಟಗಾರರ ಬಗ್ಗೆ ಈ ಪ್ರಶ್ನೆ ಇಷ್ಟು ಬೇಗ ಬರುವುದಿಲ್ಲ.

1920ರ ನಂತರ ಅವಳೇನು ಮಾಡಿದಳು?

ಕಾನೂನು ಓದಿದಳು, ಒಂದಲ್ಲ, ಮೂರು ಪದವಿ. 1923ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ಸಮಾನ ಹಕ್ಕುಗಳ ತಿದ್ದುಪಡಿಯ ಕರಡು ಮುಂದಿಟ್ಟಳು. ಅದಕ್ಕೆ ಇಟ್ಟ ಹೆಸರು ಲುಕ್ರೀಷಿಯಾ ಮಾಟ್‌ಳದು. ಕಾರ್ಮಿಕ ಮಹಿಳೆಯರ ಪರ ಇದ್ದವರೇ ಮೊದಲು ವಿರೋಧಿಸಿದರು: ಕೆಲಸದ ಗಂಟೆಗಳಿಗೆ ಮಿತಿ ಹಾಕಿದ ಕಾನೂನುಗಳು ಸಮಾನತೆಯ ಹೆಸರಿನಲ್ಲಿ ಕೊಚ್ಚಿಹೋಗುತ್ತವೆ ಎಂದು. ಕಾರ್ಖಾನೆಯ ಹೆಂಗಸಿನ ಕಡೆಯಿಂದ ನೋಡಿದರೆ ಆ ಭಯ ಪೊಳ್ಳಾಗಿರಲಿಲ್ಲ. ಆಲಿಸ್ ಸೋಲಲಿಲ್ಲ, ಒಪ್ಪಲೂ ಇಲ್ಲ. 1964ರ ನಾಗರಿಕ ಹಕ್ಕು ಕಾಯ್ದೆಯ ಉದ್ಯೋಗದ ಭಾಗದಲ್ಲಿ 'ಲಿಂಗ' ಎಂಬ ಪದ ಸೇರಿದ್ದರ ಹಿಂದೆ ಅವಳ ಪಕ್ಷದ ಓಡಾಟವಿತ್ತು.

ಅವಳ ತಿದ್ದುಪಡಿಗೆ ಅಮೆರಿಕದ ಸಂಸತ್ತು ಒಪ್ಪಿದ್ದು 1972ರಲ್ಲಿ, ಕರಡು ಬರೆದ 49 ವರ್ಷಕ್ಕೆ. ಅದಕ್ಕೆ ಕಾಲಮಿತಿ ಇಟ್ಟದ್ದು ಗೊತ್ತಾದಾಗ ಅವಳಿಗೆ ಸಂತೋಷವಾಗಲಿಲ್ಲ, ಇದೇ ಮುಳುವಾಗುತ್ತದೆ ಎಂದುಕೊಂಡಳು. ಹಾಗೇ ಆಯಿತು. ಬೇಕಿದ್ದದ್ದು 38 ರಾಜ್ಯ, ಗಡುವಿನೊಳಗೆ ಸಿಕ್ಕಿದ್ದು 35. ಮೂವತ್ತೆಂಟನೆಯದಾಗಿ ವರ್ಜೀನಿಯಾ 2020ರಲ್ಲಿ ಒಪ್ಪಿದರೂ ವ್ಯಾಜ್ಯ ಮುಗಿದಿಲ್ಲ.

ಕೊನೆಯ ದಿನಗಳು ಹೇಗಿದ್ದವು?

1974ರಲ್ಲಿ ಪಾರ್ಶ್ವವಾಯು ಬಡಿಯಿತು. ಕೈಯಲ್ಲಿ ಹಣವೂ ಉಳಿದಿರಲಿಲ್ಲ. ಬಡ ಕ್ವೇಕರರಿಗಾಗಿ ಇದ್ದ ನಿಧಿಯೊಂದು ನೆರವಾಯಿತು. ಎಳವೆಯಲ್ಲಿ ಶಾಲೆಗೆ ಹೋಗಿದ್ದ ಮೂರ್ಸ್‌ಟೌನ್‌ನಲ್ಲೇ 1977ರ ಜುಲೈ 9ರಂದು, 92ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸಮಾಧಿ ಹತ್ತಿರದ ಕ್ವೇಕರ್ ಸ್ಮಶಾನದಲ್ಲಿದೆ.

ಅವಳ ಚಿತ್ರವಿರುವ ನಾಣ್ಯ ಇದೆಯಂತೆ, ಹೌದೇ?

ಹೌದು, ಅದರ ಹಿಂದೊಂದು ತಮಾಷೆ ಇದೆ. ಅಮೆರಿಕದ ಟಂಕಸಾಲೆ ಅಧ್ಯಕ್ಷರ ಪತ್ನಿಯರ ಚಿತ್ರವಿರುವ ಚಿನ್ನದ ನಾಣ್ಯಗಳ ಸರಣಿ ಹೊರಡಿಸುತ್ತಿತ್ತು. ಚೆಸ್ಟರ್ ಆರ್ಥರ್ ಸರದಿ ಬಂದಾಗ ತೊಡಕಾಯಿತು, ಆತ ಅಧ್ಯಕ್ಷನಾಗುವ ಮೊದಲೇ ಹೆಂಡತಿಯನ್ನು ಕಳೆದುಕೊಂಡಿದ್ದ. ಅವನ ಅಧಿಕಾರಾವಧಿಯಲ್ಲಿ ಹುಟ್ಟಿದ ಹೆಣ್ಣೆಂದು 2012ರಲ್ಲಿ ಆ ಜಾಗಕ್ಕೆ ಆಲಿಸ್ ಪಾಲ್‌ಳನ್ನು ತಂದರು. ಯಾರ ಹೆಂಡತಿಯೂ ಆಗದವಳು ಅಧ್ಯಕ್ಷರ ಹೆಂಡತಿಯರ ಸಾಲಿನಲ್ಲಿ ಸೇರಿದಳು. ನಾಣ್ಯದ ಮುಖಬೆಲೆ ಹತ್ತು ಡಾಲರ್, ವಾಷಿಂಗ್ಟನ್ನಿನ ಆ ಸಮಿತಿಗೆ ಇಡೀ ವರ್ಷಕ್ಕೆಂದು ಕೊಡುತ್ತಿದ್ದಷ್ಟೇ.